ಕೋಮಾ ಸ್ಕೋರ್ 7 ಇದ್ದದ್ದು 6 ಆಗಿದೆ, ತಮ್ಮ ಉಳಿಯೋದಿಲ್ವಾ?

ಪ್ರಶ್ನೆ: ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ನನ್ನ ತಮ್ಮ ಐಸಿಯುನಲ್ಲಿದ್ದಾನೆ. ಎಮರ್ಜೆನ್ಸಿಗೆ ತಂದಾಗ ಕೋಮಾ ಸ್ಕೋರ್ 15ಕ್ಕೆ 7 ಅಂದಿದ್ದರು, ಕೇಸ್ ಶೀಟಿನಲ್ಲಿ ಇ1 ವಿ2 ಎಂ4 ಅಂತ ಇತ್ತು. ಮಾರನೇ ದಿನ ಇ1 ವಿಟಿ ಎಂ5, ಒಟ್ಟು 6ಟಿ. ಇಳಿದೇ ಹೋಯ್ತಲ್ವಾ? ಅವನ ಉಗುರು ಒತ್ತಿ ನೋಡುವಾಗ ಅಮ್ಮನಿಗೆ ತಡೆಯೋಕಾಗಲ್ಲ.

ಉತ್ತರ: ಇಳಿದಿಲ್ಲ. ನೀವು ಬರೆದಿರುವ ಲೆಕ್ಕ ಸರಿಯಿದ್ದರೆ ಒಂದು ಕಡೆ ಏರಿದೆ.

ಇದು ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನ್ನೆಟ್ ಎಂಬ ಇಬ್ಬರು ವೈದ್ಯರು ರೂಪಿಸಿದ್ದು. ಕಣ್ಣು ತೆರೆಯೋದಕ್ಕೆ 4, ಮಾತಿಗೆ 5, ಕೈಕಾಲು ಆಡಿಸೋದಕ್ಕೆ 6 ಅಂಕ. ಇ, ವಿ, ಎಂ ಅಂದರೆ ಇವೇ ಮೂರು. ಏನೂ ಸ್ಪಂದಿಸದವರಿಗೂ ಒಂದೊಂದು ಅಂಕ ಸಿಗುತ್ತದೆ, ಅಂದರೆ ಕೆಳಗಿನ ತುದಿ 3, ಸೊನ್ನೆ ಅಲ್ಲ. ಹಾಗಾಗಿ 15ಕ್ಕೆ 7 ಅನ್ನೋದನ್ನು ಮಾರ್ಕ್ಸ್ ಕಾರ್ಡ್ ಥರ ಓದಿ ಅರ್ಧ ಆಸೆ ಹೋಯಿತು ಅಂದುಕೊಳ್ಳಬೇಡಿ.

'ಟಿ' ಅಂದರೆ ಉಸಿರಾಟಕ್ಕೆ ಗಂಟಲಿಗೆ ಟ್ಯೂಬ್ ಹಾಕಿದ್ದಾರೆ ಅಂತ. ಟ್ಯೂಬ್ ಇದ್ದಾಗ ಮಾತು ಹೊರಡೋದಿಲ್ಲ, ಅದರ ಅಂಕ ಬಿಟ್ಟು ಕೂಡಿಸಿದ್ದಾರೆ. ಅದಕ್ಕೇ 6. ನಿಮ್ಮ ಕಣ್ಣು ಇರಬೇಕಾದ್ದು ಎಂ ಮೇಲೆ, ಅದು 4ರಿಂದ 5 ಆಗಿದೆ. ಒತ್ತಿದಾಗ ಸುಮ್ನೆ ಕೈ ಹಿಂದಕ್ಕೆ ಎಳೆದುಕೊಂಡರೆ 4. ಹುಬ್ಬಿನ ಮೇಲೆ ಒತ್ತಿದಾಗ ಕೈ ಎತ್ತಿ ಅಲ್ಲಿಗೇ ತಂದು ತಳ್ಳೋಕೆ ನೋಡಿದರೆ 5, ಅಂದರೆ ನೋವು ಎಲ್ಲಿದೆ ಅಂತ ಮಿದುಳಿಗೆ ಗೊತ್ತಾಗುತ್ತಿದೆ. ತಲೆಯ ಪೆಟ್ಟಿನಲ್ಲಿ ಮುಂದೇನಾಗಬಹುದು ಅನ್ನೋದಕ್ಕೆ ಈ ಮೂರರಲ್ಲಿ ಜಾಸ್ತಿ ಸುಳಿವು ಕೊಡೋದು ಇದೇ.

ಆದರೂ ಮುಚ್ಚಿಡೋದಿಲ್ಲ, 8 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು ಅಂತಲೇ ಲೆಕ್ಕ, ಮತ್ತು ಸ್ಕೋರ್ ಕಡಿಮೆಯಾದಷ್ಟೂ ಅಪಾಯ ಜಾಸ್ತಿ ಅನ್ನೋದು ನಿಜ. ಆದರೆ ಅದು ಸಾವಿರಾರು ರೋಗಿಗಳನ್ನು ಒಟ್ಟಿಗೆ ನೋಡಿದಾಗ ಕಾಣುವ ಮಾತು, ನಿಮ್ಮ ತಮ್ಮನೊಬ್ಬನ ಭವಿಷ್ಯ ಅದರಲ್ಲಿ ಬರೆದಿಲ್ಲ. ಮೊದಲ ಗಂಟೆಯ ಸ್ಕೋರ್ ಅಂತೂ ಬಹಳ ಮೋಸ ಮಾಡುತ್ತದೆ: ಬಿಪಿ ಬಿದ್ದಿರಬಹುದು, ಆಕ್ಸಿಜನ್ ಸಾಲದೆ ಇರಬಹುದು, ಶುಗರ್ ಇಳಿದಿರಬಹುದು, ಕುಡಿದಿರಬಹುದು, ನಿದ್ದೆ ಬರಿಸುವ ಔಷಧ ಕೊಟ್ಟಿರಬಹುದು, ಮುಖ ಊದಿ ಕಣ್ಣೇ ತೆರೆಯಲಾಗದೆ ಇರಬಹುದು. ಇವೆಲ್ಲ ಅಂಕವನ್ನು ಕೆಳಕ್ಕೆ ಎಳೆಯುತ್ತವೆ. ಅದಕ್ಕೇ ನರ್ಸ್ ಮತ್ತೆ ಮತ್ತೆ ಬಂದು ನೋಡೋದು. ಒಂದು ಸಂಖ್ಯೆಗಿಂತ ಅದು ಯಾವ ಕಡೆ ಹೊರಟಿದೆ ಅನ್ನೋದು ಮುಖ್ಯ. ಎರಡು ಅಂಕ ಕುಸಿದರೆ ಯಾರೂ ಕಾಯೋದಿಲ್ಲ.

ನಾಳೆ ಡಾಕ್ಟರ್ ಸಿಕ್ಕಾಗ ಒಟ್ಟು ಎಷ್ಟು ಅಂತ ಕೇಳಬೇಡಿ. ಎಂ ಎಷ್ಟು, ನಿದ್ದೆ ಔಷಧ ನಡೀತಿದೆಯಾ, ಟಾರ್ಚ್ ಬಿಟ್ಟಾಗ ಎರಡೂ ಕಣ್ಣಿನ ಪಾಪೆ ಕಿರಿದಾಗುತ್ತಿವೆಯಾ, ಸಿಟಿ ಸ್ಕ್ಯಾನ್‌ನಲ್ಲಿ ಏನಿದೆ ಅಂತ ಕೇಳಿ. ಪಾಪೆಯ ವಿಷಯ ಎಷ್ಟು ದೊಡ್ಡದು ಅಂದರೆ, 2018ರಲ್ಲಿ ಬಂದ ಹೊಸ ಲೆಕ್ಕದಲ್ಲಿ ಎರಡೂ ಪಾಪೆ ಬೆಳಕಿಗೆ ಅಲುಗದಿದ್ದರೆ 2 ಅಂಕ, ಒಂದು ಅಲುಗದಿದ್ದರೆ 1 ಅಂಕ ಕಳೆಯುತ್ತಾರೆ. ವಯಸ್ಸೂ ಲೆಕ್ಕಕ್ಕೆ ಬರುತ್ತದೆ, ಚಿಕ್ಕ ವಯಸ್ಸಿನವರು ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ.

ಅಮ್ಮನಿಗೆ ಹೇಳಿ, ಉಗುರು ಒತ್ತೋದು ಕೆಲವೇ ಸೆಕೆಂಡು. ಆಗ ಅವನ ಮುಖ ನೋಡೋದು ಬೇಡ, ಕೈ ನೋಡಲಿ.