ಹದಿಹರೆಯದ ಮೆದುಳು ಮತ್ತು ಗಾಂಜಾ: ಕೆನಡಾಕ್ಕೆ ಹೊರಟಿರುವ ಉಡುಪಿಯ ತಂದೆಗೆ ಉತ್ತರ

ನಮಸ್ಕಾರ. ಬರುವ ಆಗಸ್ಟಿನಲ್ಲಿ ಕುಟುಂಬ ಸಮೇತ ಉಡುಪಿಯಿಂದ ಒಂಟಾರಿಯೋಗೆ ಬರಲಿರುವ ನೀವು, ಬಾಡಿಗೆ ಮನೆ, ಶಾಲೆ, ಚಳಿಗಾಲಗಳ ವಿಚಾರದ ನಡುವೆ ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದ್ದೀರಿ. ಮಣಿಪಾಲದಲ್ಲಾದರೆ ಗಾಂಜಾ ಸೇದುವ ಹುಡುಗರಿಗೆ ಪೊಲೀಸರ ಭಯವಾದರೂ ಇದೆ, ಅಲ್ಲಿ ಅಂಗಡಿಯಲ್ಲೇ ಮಾರುತ್ತಾರಂತೆ, ಸರಕಾರವೇ ಒಪ್ಪಿದೆ ಎಂದ ಮೇಲೆ ಹದಿನಾರು ವರ್ಷದ ಮಗನ ಮೆದುಳಿಗೆ ಅದರಿಂದ ತೊಂದರೆಯಿಲ್ಲ ಎಂದುಕೊಳ್ಳಬಹುದೇ ಎಂದು. ಮಂಗಳೂರಿನಿಂದ ಬಂದು ಇಲ್ಲಿ ನೆಲೆಸಿ, ಮಕ್ಕಳನ್ನು ಇಲ್ಲಿನ ಹೈಸ್ಕೂಲಿನಲ್ಲೇ ಓದಿಸಿದ ನನಗೆ ಇದು ಬಾಡಿಗೆಯ ಪ್ರಶ್ನೆಗಿಂತ ದೊಡ್ಡದೆಂದು ಅನಿಸುತ್ತದೆ. ಹಾಗೆ ಅಂದುಕೊಳ್ಳಬೇಡಿ ಎಂಬುದೇ ನನ್ನ ಉತ್ತರ.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಗಾಂಜಾ ಕೊಳ್ಳುವುದು ಅಪರಾಧವಲ್ಲ. ಆದರೆ ಆ ವಯಸ್ಸು ಒಂಟಾರಿಯೋದಲ್ಲಿ 19, ಆಲ್ಬರ್ಟಾದಲ್ಲಿ 18; ಮೊದಲು 18 ಎಂದಿದ್ದ ಕ್ವಿಬೆಕ್ 2020ರ ಜನವರಿಯಿಂದ ಅದನ್ನು 21ಕ್ಕೆ ಏರಿಸಿತು. ವಯಸ್ಸನ್ನು ಬಹಳ ಮೇಲಿಟ್ಟರೆ ಯುವಕರು ಕಳ್ಳ ವ್ಯಾಪಾರಿಗಳ ಬಳಿಗೇ ಹೋಗುತ್ತಾರೆ, ಕೆಳಗಿಟ್ಟರೆ ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತದೆ ಎಂಬ ಲೆಕ್ಕಾಚಾರದಿಂದ ಬಂದ ಅಂಕಿಗಳಿವು. ಆದರೆ ಮೆದುಳು ಸುಮಾರು 25ನೆಯ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ ಎಂದು ಇಲ್ಲಿನ ಕೇಂದ್ರ ಆರೋಗ್ಯ ಇಲಾಖೆಯೇ ಎಚ್ಚರಿಸುತ್ತದೆ. ಅಪ್ರಾಪ್ತರಿಗೆ ಗಾಂಜಾ ಮಾರಿದವರಿಗೆ ಅಥವಾ ಕೊಟ್ಟವರಿಗೆ 14 ವರ್ಷಗಳವರೆಗೆ ಸೆರೆವಾಸ ವಿಧಿಸಲು, ಗಾಂಜಾವನ್ನು ಒಪ್ಪಿದ ಅದೇ ಕಾನೂನಿನಲ್ಲಿ ಅವಕಾಶವಿದೆ.

ಮೆದುಳಿನ ವಿಚಾರಕ್ಕೆ ಬರೋಣ. ಬಾಲ್ಯದಲ್ಲಿ ನರಕೋಶಗಳ ನಡುವೆ ಅಗತ್ಯಕ್ಕಿಂತ ಹೆಚ್ಚು ಸಂಪರ್ಕಗಳು ಬೆಳೆದಿರುತ್ತವೆ. ಶಂಕರಪುರದ ಮಲ್ಲಿಗೆ ಕೃಷಿಕರು ಗೆಲ್ಲು ಸವರಿ ಗಿಡಕ್ಕೆ ರೂಪ ಕೊಡುವಂತೆ, ಹದಿಹರೆಯದಲ್ಲಿ ಮೆದುಳು ಬಳಕೆಯಾಗದ ಸಂಪರ್ಕಗಳನ್ನು ಕತ್ತರಿಸಿ, ಉಳಿದವನ್ನು ಬಲಪಡಿಸುತ್ತದೆ. ಯೋಜನೆ, ಸಂಯಮ, ಮುಂದಾಲೋಚನೆಗಳನ್ನು ನೋಡಿಕೊಳ್ಳುವ, ಹಣೆಯ ಹಿಂದಿರುವ ಭಾಗದಲ್ಲಿ ಈ ಕೆಲಸ ಎಲ್ಲಕ್ಕಿಂತ ಕೊನೆಗೆ ಮುಗಿಯುತ್ತದೆ. ಇದನ್ನು ಹದದಲ್ಲಿಡಲು ದೇಹವು ತಾನೇ ತಯಾರಿಸುವ ಕೆಲವು ರಾಸಾಯನಿಕಗಳಿವೆ. ಅವು ನರಕೋಶಗಳ ಮೇಲಿರುವ, ಬೀಗದಂಥ ಸಿಬಿ1 ಎಂಬ ಗ್ರಾಹಕಗಳಿಗೆ ಅಂಟಿಕೊಂಡು, ಬೇಕಾದಾಗ ಬೇಕಾದಷ್ಟೇ ಕೆಲಸ ಮಾಡಿ ಮರೆಯಾಗುತ್ತವೆ. ಗಾಂಜಾದಲ್ಲಿ ಅಮಲು ತರಿಸುವ ಟಿಎಚ್‌ಸಿ ಅದೇ ಗ್ರಾಹಕಗಳನ್ನು ಹಿಡಿಯುತ್ತದೆ, ಹೆಚ್ಚು ಹೊತ್ತು ಹಿಡಿದಿರುತ್ತದೆ. ಬೆಳೆದು ಮುಗಿದ ಮೆದುಳಿಗಿಂತ ಬೆಳೆಯುತ್ತಿರುವ ಮೆದುಳಿನ ವಿಷಯದಲ್ಲಿ ಆತಂಕ ಹೆಚ್ಚಿರುವುದು ಈ ಕಾರಣಕ್ಕೆ.

ಪುರಾವೆಗಳು ಎಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು 38ನೆಯ ವಯಸ್ಸಿನವರೆಗೆ ಗಮನಿಸಿದ ಅಧ್ಯಯನವು, ಹದಿಹರೆಯದಲ್ಲೇ ಆರಂಭಿಸಿ ವರ್ಷಗಟ್ಟಲೆ ವ್ಯಸನಿಗಳಾಗಿ ಉಳಿದವರ ಬುದ್ಧ್ಯಂಕ (ಐಕ್ಯೂ) ಸರಾಸರಿ 8 ಅಂಕಗಳಷ್ಟು ಇಳಿದಿತ್ತೆಂದು 2012ರಲ್ಲಿ ವರದಿ ಮಾಡಿತು. 2016ರಲ್ಲಿ ಪ್ರಕಟವಾದ ಅಮೆರಿಕದ ಅವಳಿಗಳ ಅಧ್ಯಯನದಲ್ಲಾದರೋ, ಗಾಂಜಾ ಸೇದಿದ ಮತ್ತು ಸೇದದ ಅವಳಿಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಮನೆಯ ಪರಿಸ್ಥಿತಿಯಂಥ ಬೇರೆ ಕಾರಣಗಳೂ ಇರಬಹುದೆಂದು ಅದು ಸೂಚಿಸಿತು. ಬಳಕೆಯನ್ನು 72 ಗಂಟೆಗಳಿಗಿಂತ ಹೆಚ್ಚು ಕಾಲ ನಿಲ್ಲಿಸಿದವರಲ್ಲಿ ನೆನಪು ಮತ್ತು ಗಮನದ ಕುಂದು ಕಡಿಮೆಯಾಗುತ್ತದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆ ಹೇಳಿತು. ಆದ್ದರಿಂದ, ಎಂದೋ ಒಮ್ಮೆ ಗೆಳೆಯರೊಡನೆ ಸೇದಿದ ಹುಡುಗನ ಬುದ್ಧಿಯೇ ಹಾಳಾಯಿತೆಂದು ಮನೆಯವರು ಎದೆ ಬಡಿದುಕೊಳ್ಳಬೇಕಾಗಿಲ್ಲ. ಆದರೆ ಓದುವ ವಯಸ್ಸಿನಲ್ಲಿ ವಾರಕ್ಕೆ ನಾಲ್ಕಾರು ದಿನ ಸೇದುವವನಿಗೆ ಆ 72 ಗಂಟೆಗಳ ಬಿಡುವು ಸಿಗುವುದೇ ಇಲ್ಲ; ಪಾಠ ಕೇಳುವ ವರ್ಷಗಳೆಲ್ಲ ಮಂಕಿನಲ್ಲಿಯೇ ಕಳೆದರೆ ಅದೇ ಸಾಕಷ್ಟು ದೊಡ್ಡ ನಷ್ಟ.

ನನ್ನನ್ನು ಹೆಚ್ಚು ಕಾಡುವುದು ಮನೋವಿಕಾರದ, ಅಂದರೆ ವಾಸ್ತವದ ಅರಿವೇ ತಪ್ಪುವ ಕಾಯಿಲೆಯ ಅಪಾಯ. ಸ್ವೀಡನ್ನಿನಲ್ಲಿ ಸೇನೆಗೆ ಕರೆಸಲಾದ ಸುಮಾರು 45,000 ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50ಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಗಂಭೀರ ಮನೋರೋಗ) ಬಳಸದವರಿಗಿಂತ ಸುಮಾರು ಆರು ಪಟ್ಟು ಹೆಚ್ಚಾಗಿತ್ತು. ಇತರ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಕಿರಿದಾಯಿತೇ ಹೊರತು ಅಳಿಸಿಹೋಗಲಿಲ್ಲ. ಅಮಲಿನ ಬಲದಲ್ಲಿ ಆ ಕಾಲದ ಗಾಂಜಾಕ್ಕೂ ಇಂದಿನದಕ್ಕೂ ಹೋಲಿಕೆಯೇ ಇಲ್ಲ. ಈಗ ಇಲ್ಲಿನ ಅಂಗಡಿಗಳಲ್ಲಿ ಟಿಎಚ್‌ಸಿ ಶೇ. 20ಕ್ಕಿಂತ ಹೆಚ್ಚಿರುವ ಮಾಲು ಸಾಮಾನ್ಯ.

ಇಲ್ಲಿ ಜಾಗ್ರತೆ ಬೇಕಾದ ಇನ್ನೆರಡು ಸಂಗತಿಗಳಿವೆ. ಚಾಕಲೇಟು, ಮಿಠಾಯಿಗಳ ರೂಪದ ಗಾಂಜಾ ತಿಂದಾಗ ಅಮಲು ಏರಲು ಎರಡು ಗಂಟೆಯವರೆಗೂ ಹಿಡಿಯಬಹುದು; ಏನೂ ಆಗಲಿಲ್ಲವೆಂದು ಮತ್ತೆ ತಿಂದು ಆಸ್ಪತ್ರೆ ಸೇರುವವರಿದ್ದಾರೆ. ಎರಡನೆಯದು ವಾಹನ ಚಾಲನೆ. ಒಂಟಾರಿಯೋದಲ್ಲಿ 21 ವರ್ಷ ಮತ್ತು ಅದಕ್ಕಿಂತ ಕೆಳಗಿನ ಚಾಲಕರ ದೇಹದಲ್ಲಿ ಗಾಂಜಾ ಪತ್ತೆಯಾಗಲೇಬಾರದು. ಅಮಲಿನಲ್ಲಿ ವಾಹನ ಓಡಿಸಿದ ಅಪರಾಧಕ್ಕೆ 2018ರ ಡಿಸೆಂಬರಿನಿಂದ ಗರಿಷ್ಠ ಶಿಕ್ಷೆ 10 ವರ್ಷಕ್ಕೇರಿರುವುದರಿಂದ, ನಮ್ಮಂತೆ ವಲಸೆ ಬಂದು ಇನ್ನೂ ಪೌರತ್ವ ಪಡೆಯದವರು ದೇಶದಲ್ಲಿ ಉಳಿಯುವ ಹಕ್ಕನ್ನೇ ಕಳೆದುಕೊಳ್ಳಬಹುದು.

ಊರಿನಲ್ಲಿರುವಾಗಲೇ ನೀವು ಮಾಡಬೇಕಾದ ಕೆಲಸವೊಂದಿದೆ. ರಕ್ತಸಂಬಂಧಿಗಳಲ್ಲಿ ಮನೋರೋಗವಿದ್ದವರಿಗೆ ಗಾಂಜಾದ ಅಪಾಯ ಇನ್ನೂ ಹೆಚ್ಚು. ಆದರೆ ನಮ್ಮ ಕಡೆ, ಹುಡುಗಿಯರಿಗೆ ಸಂಬಂಧ ಕೂಡಿಬರುವುದಿಲ್ಲವೆಂಬ ಅಂಜಿಕೆಯಿಂದ, ಚಿಕ್ಕಪ್ಪನ ಅಥವಾ ಸೋದರತ್ತೆಯ ಕಾಯಿಲೆಯನ್ನು ಮನೆಯವರು ಬಾಯಿಬಿಟ್ಟು ಹೇಳುವುದೇ ಇಲ್ಲ. ನಿಮ್ಮ ಕಡೆಯ ಹಾಗೂ ನಿಮ್ಮ ಪತ್ನಿಯ ಕಡೆಯ ಹಿರಿಯರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಯಾರಾದರೂ ಇಂಥ ಕಾಯಿಲೆಗೆ ಔಷಧ ತೆಗೆದುಕೊಂಡಿದ್ದರೇ ಎಂದು ಕೇಳಿ, ತಿಳಿದದ್ದನ್ನು ಬರೆದಿಟ್ಟುಕೊಳ್ಳಿ. ಮಗನಿಗೂ ಮುಚ್ಚುಮರೆಯಿಲ್ಲದೆ ತಿಳಿಸಿ. ಹದಿನಾರರ ಹುಡುಗ ಗದರಿಕೆಗೆ ಕಿವಿಗೊಡದಿದ್ದರೂ ತನ್ನದೇ ಮನೆತನದ ವಿಷಯವನ್ನು ಕೇಳಿಸಿಕೊಳ್ಳುತ್ತಾನೆ. ಇಲ್ಲಿಗೆ ಬಂದು ಕುಟುಂಬ ವೈದ್ಯರನ್ನು ಗೊತ್ತುಮಾಡಿಕೊಂಡ ಮೇಲೆ ಆ ಬರಹವನ್ನು ಅವರಿಗೂ ತೋರಿಸಿ.