ಅಂಜುವ ನಾಯಿಗೆ ಅವಸರ ಬೇಡ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಪತಿಯೊಂದಿಗೆ ಮೈಸೂರಿನ ಸ್ವಂತ ಮನೆಯಲ್ಲಿದ್ದೇನೆ. ಇಲ್ಲಿನ ಪ್ರಾಣಿರಕ್ಷಣಾ ಕೇಂದ್ರವೊಂದರಲ್ಲಿ ಸುಮಾರು ನಾಲ್ಕು ವರ್ಷದ ನಾಟಿ ಹೆಣ್ಣುನಾಯಿಯೊಂದನ್ನು ನೋಡಿ ಇಬ್ಬರಿಗೂ ಮನಸ್ಸಾಗಿದೆ. ಆದರೆ ಯಾರು ಹತ್ತಿರ ಹೋದರೂ ಅದು ಮೂಲೆ ಸೇರಿ, ಗೋಡೆಗೆ ಮುಖ ಮಾಡಿ ಕುಳಿತುಬಿಡುತ್ತದೆ. ‘ಬೆಳೆದ ನಾಯಿ ಹೊಂದಿಕೊಳ್ಳುವುದಿಲ್ಲ, ಮರಿಯನ್ನೇ ತನ್ನಿ’ ಎನ್ನುತ್ತಾರೆ ಬಂಧುಗಳು. ರಜೆಗೆ ಆರು ವರ್ಷದ ಮೊಮ್ಮಗ ಬರುತ್ತಾನೆ. ದಸರೆಗೆ ಮೊದಲೇ ಕರೆತರಬಹುದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಅಗತ್ಯವಾಗಿ ಕರೆತನ್ನಿ, ಆದರೆ ದಸರೆಗೆ ಮೊದಲು ಬೇಡ. ವಿಜಯದಶಮಿಯಂದು ಅರಮನೆಯ ಬಳಿ 21 ಕುಶಾಲತೋಪುಗಳನ್ನು ಹಾರಿಸುತ್ತಾರೆ, ಅದರ ಬೆನ್ನಿಗೇ ದೀಪಾವಳಿಯ ಪಟಾಕಿ ಬರುತ್ತದೆ. ಮನೆಯೂ ಮನೆಯವರೂ ಇನ್ನೂ ಪರಿಚಯವಾಗಿರದ ನಾಯಿಯ ಕಿವಿಗೆ ಆ ಸದ್ದು ಬಿದ್ದರೆ, ಸದ್ದಿನ ಭಯವೇ ಮನೆಯ ಭಯವಾಗಿ ಉಳಿದುಬಿಡಬಹುದು. ಅಲ್ಲಿಯವರೆಗೆ ಆಗಾಗ ಕೇಂದ್ರಕ್ಕೆ ಹೋಗಿ, ಅದರಿಂದ ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಬೇಯಿಸಿದ ಕೋಳಿಯ ಚೂರನ್ನೋ ಮೊಟ್ಟೆಯ ತುಂಡನ್ನೋ ಅದರತ್ತ ಎಸೆದು, ಮುಟ್ಟಲು ಯತ್ನಿಸದೆ ಎದ್ದು ಬನ್ನಿ.

ಬಂಧುಗಳ ಮಾತನ್ನು ನಾನು ಒಪ್ಪುವುದಿಲ್ಲ. ಮರಿ ಬೆಳೆದು ಎಂಥದ್ದಾದೀತು ಎಂದು ಯಾರೂ ಖಚಿತವಾಗಿ ಹೇಳಲಾರರು. ನಾಲ್ಕು ವರ್ಷದ ನಾಯಿಯ ಗುಣವಾದರೋ ದಿನವೂ ಅದಕ್ಕೆ ಊಟ ಹಾಕುವವರಿಗೆ ಗೊತ್ತಿರುತ್ತದೆ. ಅದು ಬೇರೆ ನಾಯಿಗಳೊಡನೆ ಹೇಗಿದೆ, ಎಂದಾದರೂ ಕಚ್ಚಿದೆಯೆ, ಯಾವುದಕ್ಕೆ ಹೆಚ್ಚು ಬೆದರುತ್ತದೆ ಎಂದು ಅವರನ್ನೇ ಕೇಳಿ. ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆಗಳ ದಾಖಲೆ ಪಡೆಯಿರಿ. ಉಣ್ಣೆಗಳಿಂದ ಬರುವ ಜ್ವರಕ್ಕಾಗಿ ರಕ್ತಪರೀಕ್ಷೆಯನ್ನೂ ಮಾಡಿಸಿ. ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ: ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮನುಷ್ಯರ ಒಡನಾಟ ಸಿಗದ ನಾಯಿ ಎಷ್ಟೇ ಪ್ರೀತಿ ಸಿಕ್ಕರೂ ಅಪರಿಚಿತರ ಮುಂದೆ ಕೊನೆಯವರೆಗೂ ಹಿಂಜರಿಯಬಹುದು. ಅದು ನಿಮ್ಮನ್ನು ನಂಬಿದರೆ ಸಾಕು, ಊರವರನ್ನೆಲ್ಲ ನಂಬಬೇಕಾಗಿಲ್ಲ ಎಂದು ಒಪ್ಪಿಕೊಳ್ಳುವುದಾದರೆ ಮಾತ್ರ ಮುಂದುವರಿಯಿರಿ.

ಮನೆಗೆ ಬಂದ ಮೇಲೆ ಒಂದು ಶಾಂತವಾದ ಕೋಣೆಯನ್ನು ಅದಕ್ಕೇ ಬಿಟ್ಟುಕೊಡಿ. ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ. ಊಟ, ನೀರು, ಹೊರಗೆ ಕರೆದೊಯ್ಯುವ ಹೊತ್ತು ಪ್ರತಿದಿನ ಒಂದೇ ಆಗಿರಲಿ. ಮೊದಲ ಒಂದೆರಡು ದಿನ ಊಟ ಮುಟ್ಟದಿರುವುದು ಅಪರೂಪವೇನಲ್ಲ, ಆದರೆ ನೀರನ್ನೂ ಕುಡಿಯದಿದ್ದರೆ ಪಶುವೈದ್ಯರಿಗೆ ತೋರಿಸಿ. ತುಟಿ ನೆಕ್ಕುವುದು, ನಿದ್ದೆಯಿಲ್ಲದೆಯೂ ಆಕಳಿಸುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಇವೆಲ್ಲ ‘ಸ್ವಲ್ಪ ದೂರವಿರಿ’ ಎಂದು ಅದು ಕೇಳಿಕೊಳ್ಳುವ ಬಗೆ. ಆ ಕೋರಿಕೆಗೆ ಓಗೊಡದೆ ಮೂಲೆಗೆ ಒತ್ತಿದರೆ ಎಂಥ ಸಾಧು ನಾಯಿಯೂ ಕಚ್ಚಬಹುದು. ಗುರುಗುಟ್ಟಿದ್ದಕ್ಕಂತೂ ಎಂದೂ ಗದರಿಸಬೇಡಿ, ಏಕೆಂದರೆ ಗುರುಗುಟ್ಟುವುದನ್ನು ಬಿಟ್ಟ ನಾಯಿ ಮುನ್ಸೂಚನೆಯಿಲ್ಲದೆಯೇ ಕಚ್ಚುವ ಅಪಾಯವಿದೆ.

ನನಗೆ ಎಲ್ಲಕ್ಕಿಂತ ಹೆಚ್ಚಿನ ಆತಂಕವಿರುವುದು ಅದು ತಪ್ಪಿಸಿಕೊಳ್ಳುವ ಬಗ್ಗೆ. ಬೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ. ಹಿಂದಕ್ಕೆ ಸರಿದು, ತಲೆ ತಗ್ಗಿಸಿ, ಕುತ್ತಿಗೆಯ ಬೆಲ್ಟಿನಿಂದ ಕ್ಷಣಾರ್ಧದಲ್ಲಿ ನುಸುಳಿಕೊಳ್ಳುತ್ತದೆ. ಆದ್ದರಿಂದ ಬೆಲ್ಟಿನ ಜೊತೆಗೆ ಎದೆಯನ್ನು ಬಳಸುವ ಹಾರ್ನೆಸ್ಸನ್ನೂ ತೊಡಿಸಿ, ಎರಡಕ್ಕೂ ಬೇರೆ ಬೇರೆ ಹಗ್ಗ ಕಟ್ಟಿ ಎರಡನ್ನೂ ಕೈಯಲ್ಲಿ ಹಿಡಿದುಕೊಳ್ಳಿ, ಬೆಲ್ಟಿನ ಮೇಲೆ ನಿಮ್ಮ ಫೋನ್ ಸಂಖ್ಯೆ ಇರಲಿ. ಕೆಲಸದವರು, ಹಾಲಿನವರು ಬಂದುಹೋಗುವಾಗ ಗೇಟಿನ ಚಿಲಕದ ಮೇಲೆ ಕಣ್ಣಿಡಿ. ಒಂದುವೇಳೆ ಓಡಿಹೋದರೆ ಬೆನ್ನಟ್ಟದೆ ಕೂಡಲೇ ಕೇಂದ್ರದವರಿಗೆ ತಿಳಿಸಿ.

ಮೊಮ್ಮಗನಿಗೆ ಒಂದೇ ನಿಯಮ ಸಾಕು: ನಾಯಿ ತಾನಾಗಿ ಬಂದರೆ ಮಾತ್ರ ಮುಟ್ಟಬಹುದು, ಅದೂ ಎದೆಯ ಭಾಗವನ್ನು, ತಲೆಯನ್ನಲ್ಲ. ಅದು ಉಣ್ಣುವಾಗ, ಮಲಗಿರುವಾಗ ಹತ್ತಿರ ಹೋಗಬಾರದು. ನೀವಿಬ್ಬರಲ್ಲಿ ಒಬ್ಬರಾದರೂ ಇಲ್ಲದ ಕಡೆ ಅವರಿಬ್ಬರನ್ನೇ ಬಿಡಬಾರದು.

ತಿಂಗಳುಗಳು ಕಳೆದರೂ ನಡುಕ ನಿಲ್ಲದೆ, ಕೋಣೆಯಿಂದಲೇ ಹೊರಬರದಿದ್ದರೆ ನಾಯಿಯ ನಡವಳಿಕೆಯನ್ನು ಬಲ್ಲ ಪಶುವೈದ್ಯರನ್ನು ಕಾಣಿ. ಭಯವನ್ನು ತಗ್ಗಿಸುವ ಔಷಧಗಳಿವೆ. ಅವನ್ನು ವೈದ್ಯರ ಸಲಹೆಯಂತೆ ಕೊಡುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ, ಮನುಷ್ಯರ ಮಾತ್ರೆಗಳನ್ನು ಮಾತ್ರ ನೀವಾಗಿಯೇ ಕೊಡಬೇಡಿ.