ಲಕೋಟೆಯಲ್ಲಿ ಬಂದ ಐದು ರೆಕ್ಕೆಯ ಕಾಯಿ

ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದವನ್ನು ಎರಡು ಸಲ ಓದಿದೆ. ಟಿ. ನರಸೀಪುರದಿಂದ ಕೆಳಗೆ, ಕಾವೇರಿ ದಂಡೆಯಲ್ಲಿ ನಿಮ್ಮ ಗದ್ದೆ. ಅದರ ಅಂಚಿಗೆ ಬಿಳಿ ಮೈಯ ಏಳು ದೊಡ್ಡ ಮರಗಳು. ನಿಮ್ಮ ಅಜ್ಜಿ ಅದನ್ನು ಹೊಳೆಮತ್ತಿ ಅನ್ನುತ್ತಿದ್ದರು. ಈಗ ಊರಿನ ಹುಡುಗರು ‘ಇದು ನೀಲಗಿರಿ, ನೀರೆಲ್ಲ ಹೀರುತ್ತೆ, ಕಡಿಸಿಬಿಡಿ’ ಅಂತ ಹಟ ಹಿಡಿದಿದ್ದಾರೆ. ಇದರ ಮಧ್ಯೆ ಯಾರೋ ರಾತ್ರಿ ಬಂದು ಎರಡು ಮರದ ತೊಗಟೆ ಕೆತ್ತಿಕೊಂಡು ಹೋಗಿದ್ದಾರೆ. ಇದು ಯಾವ ಮರ, ಉಳಿಸಬೇಕಾ, ಹೊಲದ ಬದುವಿನಲ್ಲೂ ನೆಡಬಹುದಾ, ಅಮ್ಮನಿಗೆ ಅದರ ಕಷಾಯ ಕೊಡಬಹುದಾ ಅಂತ ಕೇಳಿದ್ದೀರಿ.

ನಿಮ್ಮ ಅಜ್ಜಿ ಹೇಳಿದ್ದೇ ಸರಿ. ಅದು ಹೊಳೆಮತ್ತಿ. ದಯವಿಟ್ಟು ಕಡಿಸಬೇಡಿ.

ಇಷ್ಟು ಖಚಿತವಾಗಿ ಹೇಳೋದಕ್ಕೆ ಕಾರಣ ನೀವು ಲಕೋಟೆಯೊಳಗೆ ಇಟ್ಟು ಕಳಿಸಿದ ಒಣ ಕಾಯಿ. ಅದು ಈಗ ನನ್ನ ಮೇಜಿನ ಮೇಲಿದೆ. ಒಂದೂವರೆ ಅಂಗುಲ ಉದ್ದ, ಕಟ್ಟಿಗೆಯಂಥ ನಾರಿನ ಮೈ, ಉದ್ದಕ್ಕೂ ಐದು ದಪ್ಪ ರೆಕ್ಕೆ. ಧಾರೆಹುಳಿ ಹಣ್ಣು ನೋಡಿದ್ದೀರಲ್ವಾ, ಪೇಟೆಯಲ್ಲಿ ಸ್ಟಾರ್ ಫ್ರೂಟ್ ಅಂತ ಮಾರುತ್ತಾರೆ, ಅದನ್ನೇ ಕುಗ್ಗಿಸಿ ಒಣಗಿಸಿ ಮರದಲ್ಲಿ ಕೆತ್ತಿದ ಹಾಗಿದೆ. ನೀಲಗಿರಿಗೆ ಇಂಥ ಕಾಯಿ ಬಿಡೋದೇ ಇಲ್ಲ. ಅದರದ್ದು ಪುಟ್ಟ ಬಟ್ಟಲಿನಂಥ ಕಾಯಿ, ಒಳಗೆ ಧೂಳಿನಂಥ ಬೀಜ.

ಹುಡುಗರು ಮೋಸ ಹೋಗಿದ್ದು ಮೈಬಣ್ಣ ನೋಡಿ. ಅದರಲ್ಲಿ ಅವರ ತಪ್ಪಿಲ್ಲ. ದೂರದಿಂದ ನೋಡಿದರೆ ಎರಡೂ ನುಣುಪು, ಎರಡೂ ಬಿಳಿಚು, ಎರಡೂ ತೊಗಟೆ ಉದುರಿಸುತ್ತವೆ. ಹೊಳೆಮತ್ತಿಯ ಹೊರತೊಗಟೆ ಅಗಲವಾದ ತೆಳು ಹಲ್ಲೆಗಳಾಗಿ ಎದ್ದು ಬೀಳುತ್ತದೆ. ಅದು ಬಿದ್ದ ಜಾಗದಲ್ಲಿ ತಿಳಿ ಹಸಿರೋ, ನಸುಗೆಂಪೋ ಹೊಸ ಚರ್ಮ ಕಾಣುತ್ತದೆ. ಮರಕ್ಕೆ ರೋಗ ಬಂದಿರಬಹುದು ಅಂತ ನೀವು ಬರೆದಿದ್ದೀರಿ. ಇಲ್ಲ, ಅದು ಮರದ ಸ್ವಭಾವ.

ಪರೀಕ್ಷೆ ಮಾಡೋದು ಬಹಳ ಸುಲಭ. ಒಂದು ಎಲೆ ಕಿತ್ತು ಹಿಸುಕಿ ಮೂಸಿ ಅಂತ ಹುಡುಗರಿಗೆ ಹೇಳಿ. ನೀಲಗಿರಿಯಾದರೆ ತೈಲದ ಘಾಟು ಮೂಗಿಗೆ ಬಡಿಯುತ್ತದೆ. ಹೊಳೆಮತ್ತಿಯಲ್ಲಿ ಬರೀ ಸೊಪ್ಪಿನ ವಾಸನೆ. ಆಮೇಲೆ ಎಲೆಯನ್ನು ತಿರುಗಿಸಿ ಬುಡ ನೋಡಿ. ತೊಟ್ಟು ಎಲೆಗೆ ಸೇರುವ ಜಾಗದಲ್ಲಿ ಸಾಸಿವೆ ಕಾಳಿನಂಥ ಎರಡು ಗ್ರಂಥಿಗಳು ಕಾಣಬೇಕು. ಎಲೆಯ ಮೇಲೆಲ್ಲ ಗುಳ್ಳೆ ಎದ್ದಿದ್ದರೆ ಅದನ್ನೂ ಇದನ್ನೂ ಒಂದೇ ಅಂದುಕೊಳ್ಳಬೇಡಿ. ಗುಳ್ಳೆ ಒಂದು ಪುಟ್ಟ ಕೀಟದ ಕೆಲಸ, ಈ ಮರದಲ್ಲಿ ಅದು ಜಾಸ್ತಿ.

ಇನ್ನು ಹೆಸರಿನ ವಿಷಯ. ಬಿಳಿಮತ್ತಿ, ನೀರುಮತ್ತಿ, ತೊರೆಮತ್ತಿ, ಹೊಳೆಮತ್ತಿ ಎಲ್ಲ ಒಂದೇ ಮರ. ಸಸ್ಯಶಾಸ್ತ್ರದಲ್ಲಿ ಟರ್ಮಿನಾಲಿಯಾ ಅರ್ಜುನ. ಅಳಲೆ, ತಾರೆ, ಶಾಲೆ ಅಂಗಳಗಳಲ್ಲಿ ಬೆಳೆಯುವ ಕಾಡುಬಾದಾಮಿ ಎಲ್ಲ ಇದರ ದಾಯಾದಿಗಳು. ತೀರಾ ಹತ್ತಿರದ ನೆಂಟ ಅಂದರೆ ಕಾಡಿನ ಕರಿಮತ್ತಿ. ಬಂಡೀಪುರದ ಕಡೆ ಹೋದವರು ನೋಡಿರುತ್ತೀರಿ, ಮೊಸಳೆ ಚರ್ಮದ ಹಾಗೆ ಚೌಕ ಚೌಕವಾಗಿ ಬಿರಿದ ಕಪ್ಪು ತೊಗಟೆಯ ಮರ. ಕಾಯಿಗೂ ಐದೇ ರೆಕ್ಕೆ. ಹಾಗಾದರೆ ಬಿದ್ದ ಕಾಯಿ ಯಾವುದರದ್ದು ಅಂತ ಹೇಳೋದು ಹೇಗೆ? ರೆಕ್ಕೆಯ ಮೇಲಿನ ಗೆರೆ ನೋಡಬೇಕು. ಕರಿಮತ್ತಿಯಲ್ಲಿ ಗೆರೆಗಳು ನಡುವಿನಿಂದ ಅಂಚಿಗೆ ನೆಟ್ಟಗೆ ಅಡ್ಡ ಹೋಗುತ್ತವೆ. ಹೊಳೆಮತ್ತಿಯಲ್ಲಿ ಬಾಗಿ ಮೇಲಕ್ಕೆ ತಿರುಗುತ್ತವೆ. ನೀವು ಕಳಿಸಿದ ಕಾಯಿಯಲ್ಲಿ ಆ ಬಾಗು ಬರಿಗಣ್ಣಿಗೇ ಕಾಣುತ್ತದೆ. ಭೂತಗನ್ನಡಿ ಹಿಡಿದು ಅದನ್ನೇ ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಅಕ್ಕತಂಗಿಯರಂಥ ಈ ಎರಡು ಮರಗಳಲ್ಲಿ ಒಂದು ಒಣಕಾಡಿನ ಗುಡ್ಡ ಹತ್ತಿತು, ಇನ್ನೊಂದು ನೀರಿನ ಜೊತೆ ಉಳಿಯಿತು. ಹಿಮಾಲಯದ ಬುಡದಿಂದ ಹಿಡಿದು ಛೋಟಾ ನಾಗಪುರ, ಮಧ್ಯ ಭಾರತ, ನಮ್ಮ ಕಡೆ, ಆಚೆ ಶ್ರೀಲಂಕಾದವರೆಗೂ ಹೊಳೆಮತ್ತಿ ಇದೆ. ಆದರೆ ಎಲ್ಲೇ ಹೋದರೂ ವಿಳಾಸ ಒಂದೇ, ಹೊಳೆ ದಂಡೆ. ಬೇಸಿಗೆಯಲ್ಲಿ ಬತ್ತಿದ ಹಳ್ಳ ಆದರೂ ಸರಿ, ಮರಳಿನ ಕೆಳಗೆ ತೇವ ಇರಬೇಕು, ಬೇರು ಇಳಿಸೋದಕ್ಕೆ ಆಳದ ಮೆಕ್ಕಲು ಮಣ್ಣು ಬೇಕು. ಹಾಗಾಗಿಯೇ ಸುತ್ತಲಿನ ಕಾಡೆಲ್ಲ ಬೋಳಾಗಿ ನಿಂತಿರುವ ಮಾರ್ಚಿಯಲ್ಲೂ ಹೊಳೆಯ ಗುಂಟ ಒಂದು ಹಸಿರು ಗೆರೆ ಉಳಿದಿರುತ್ತದೆ. ಮುತ್ತತ್ತಿ, ಭೀಮೇಶ್ವರಿ ಕಡೆ ಬೆಟ್ಟದ ಮೇಲಿಂದ ನೋಡಿದರೆ ಆ ಗೆರೆಯನ್ನು ನೋಡಿಯೇ ಕಾವೇರಿ ಎಲ್ಲಿ ತಿರುಗುತ್ತಾಳೆ ಅಂತ ಹೇಳಬಹುದು. ಹೊಳೆಮತ್ತಿಯ ಜೊತೆಗೆ ಹೊಂಗೆ, ನೇರಳೆ, ಅತ್ತಿ, ಹುಣಸೆ ಇರುತ್ತವೆ. ಎಲ್ಲಕ್ಕಿಂತ ದೊಡ್ಡ ಆಳು ಮಾತ್ರ ಇದೇ. ಎಂಬತ್ತು ಅಡಿ ದಾಟಿದ ಮರಗಳಿವೆ. ಬುಡ ಗುಂಡಗಿರೋದಿಲ್ಲ. ಏಣುಗಳೆದ್ದು, ಹಲಗೆಯಂತೆ ಚಾಚಿ, ನೆಲವನ್ನು ಬೆರಳು ಅಗಲಿಸಿ ಹಿಡಿದ ಹಾಗೆ ಕೂತಿರುತ್ತದೆ.

ಆ ಹಿಡಿತದ ಬಗ್ಗೆಯೇ ನಿಮ್ಮ ಹತ್ತಿರ ಮುಖ್ಯವಾಗಿ ಮಾತಾಡಬೇಕು. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ, ಕಬಿನಿ ಎರಡೂ ಉಕ್ಕಿ ಬಂದವು, ನಿಮಗೆ ನಾನು ಹೇಳಬೇಕಾಗಿಲ್ಲ. ಪಕ್ಕದವರ ಗದ್ದೆಯ ಒಂದು ಪಟ್ಟಿ ಕೊಚ್ಚಿಕೊಂಡು ಹೋಯಿತು, ನಮ್ಮದು ಹೇಗೋ ಉಳಿಯಿತು ಅಂತ ನೀವೇ ಮೂರನೇ ಪುಟದಲ್ಲಿ ಬರೆದಿದ್ದೀರಿ. ಪಕ್ಕದವರ ಅಂಚಿನಲ್ಲಿ ಮರ ಇರಲಿಲ್ಲ ಅನ್ನೋದೂ ನಿಮ್ಮ ಕಾಗದದಲ್ಲೇ ಇದೆ. ನೀವು ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆದಿದ್ದೀರಿ. ಒಟ್ಟಿಗೆ ಇಟ್ಟು ನೋಡಿ. ಪ್ರವಾಹ ದಂಡೆಯನ್ನು ಮೇಲಿನಿಂದ ತಿನ್ನುವುದಕ್ಕಿಂತ ಬುಡದಲ್ಲಿ ಕೊರೆಯೋದು ಜಾಸ್ತಿ. ಕೆಳಗೆ ಟೊಳ್ಳಾದಾಗ ಮೇಲಿನ ಮಣ್ಣು ತಾನಾಗಿಯೇ ಕುಸಿಯುತ್ತದೆ. ದಪ್ಪ ಬೇರು, ಸಣ್ಣ ಬೇರು ಬಲೆಯಂತೆ ಹೆಣೆದುಕೊಂಡ ದಂಡೆಯಲ್ಲಿ ಆ ಕೊರೆತ ನಿಧಾನವಾಗುತ್ತದೆ. ನಿಮ್ಮ ಏಳು ಮರಗಳು ಮಾಡಿದ್ದು ಅದನ್ನೇ ಅಂತ ನನಗೆ ಅನಿಸುತ್ತದೆ. ‘ನೀರು ಹೀರುತ್ತೆ’ ಅನ್ನುವವರಿಗೂ ಒಂದು ಮಾತು ಹೇಳಿ. ದೊಡ್ಡ ಮರ ನೀರು ಕುಡಿಯದೆ ಇರೋದಿಲ್ಲ. ಆದರೆ ಈ ಮರ ನಿಂತಿರೋದು ಹೊಳೆಯ ತೇವದಲ್ಲಿ, ನಿಮ್ಮ ಬೋರ್‌ವೆಲ್ ಪಕ್ಕದಲ್ಲಿ ಅಲ್ಲ.

ಅಲ್ಲಿ ನಿಮಗಿಂತ ಹಳೆಯ ಒಕ್ಕಲುಗಳೂ ಇವೆ. ರಂಗನತಿಟ್ಟು ಪಕ್ಷಿಧಾಮದ ನಡುಗಡ್ಡೆಗಳ ಮುಖ್ಯ ಮರಗಳಲ್ಲಿ ಹೊಳೆಮತ್ತಿಯೂ ಒಂದು. ಕೆಳಗೆ ಕಾವೇರಿ ವನ್ಯಧಾಮದ ದಂಡೆಯಲ್ಲಿ ಬೂದುಬಣ್ಣದ ದೊಡ್ಡ ಅಳಿಲು ಗೂಡು ಕಟ್ಟುವುದು ಹೆಚ್ಚಾಗಿ ಇಂಥ ಮರಗಳಲ್ಲೇ. ಕೆಂದಳಿಲಿನ ಜಾತಿಯದು, ಬಾಲ ಸೇರಿದರೆ ಎರಡಡಿಗೂ ಮೀರಿದ ಪ್ರಾಣಿ. ನಮ್ಮ ರಾಜ್ಯದಲ್ಲಿ ಅದು ಸಿಗೋದು ಹೊಳೆಯಂಚಿನ ಆ ಕಾಡುಪಟ್ಟಿಯಲ್ಲಿ. ಅದು ಕೊಂಬೆಯಿಂದ ಕೊಂಬೆಗೆ ಹಾರಿಕೊಂಡು ಓಡಾಡುವಂಥದ್ದು, ನೆಲಕ್ಕೆ ಇಳಿಯೋದೇ ಅಪರೂಪ. ಸಾಲಿನ ನಡುವೆ ನಾಲ್ಕು ಮರ ಹೋದರೆ ಅದಕ್ಕೆ ದಾರಿಯೇ ಕಡಿದು ಹೋದ ಹಾಗೆ.

ಈಗ ತೊಗಟೆ. ಓದಿ ನಿಜವಾಗಿ ಸಂಕಟವಾಯಿತು. ಇದರ ತೊಗಟೆ ಹೃದಯದ ಔಷಧ ಅಂತ ಆಯುರ್ವೇದದಲ್ಲಿ ಬಹಳ ಹಳೆಯ ಹೆಸರು. ಹಳೆಯ ವೈದ್ಯಗ್ರಂಥ ಬರೆದ ವಾಗ್ಭಟನ ಕಾಲದಿಂದಲೂ ಇದೆ, ಹಾಲಿನಲ್ಲಿ ಕುದಿಸಿ ಕೊಡುವ ಕ್ರಮವೂ ಇದೆ. ಅದಕ್ಕೇ ಬೇಡಿಕೆ, ಅದಕ್ಕೇ ಕಳ್ಳತನ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯೋದು ಒಳತೊಗಟೆಯ ಮೂಲಕ. ಸುತ್ತಲೂ ಉಂಗುರದ ಹಾಗೆ ಕೆತ್ತಿಬಿಟ್ಟರೆ ಬೇರು ಉಪವಾಸ ಬೀಳುತ್ತದೆ. ಮರ ನಾಳೆಯೇ ಸಾಯೋದಿಲ್ಲ. ಕೆಲವು ಕಾಲ ಹಸಿರಾಗೇ ನಿಂತು, ಆಮೇಲೆ ಮೇಲಿನಿಂದ ಒಣಗುತ್ತಾ ಬರುತ್ತದೆ. ಹಾಗಾಗಿ ಇವತ್ತೇ ಹೋಗಿ ಎರಡೂ ಮರಗಳ ಗಾಯ ನೋಡಿ. ಒಂದು ಕಡೆ ಮಾತ್ರ ಕೆತ್ತಿದ್ದು, ಕಟ್ಟಿಗೆಗೆ ಅಂಟಿದ ಒಳಪದರ ಉಳಿದಿದ್ದರೆ ಗಾಬರಿ ಬೇಡ. ಹೊಳೆಮತ್ತಿ ಮತ್ತೆ ತೊಗಟೆ ಕಟ್ಟಿಕೊಳ್ಳುತ್ತದೆ. ಗಾಯಕ್ಕೆ ಸಿಮೆಂಟು, ಡಾಂಬರು ಏನೂ ಬಳಿಯಬೇಡಿ. ದಂಡೆ ಸರ್ಕಾರದ ಜಾಗವಾದರೆ ಪಂಚಾಯಿತಿಗೂ ಅರಣ್ಯ ಇಲಾಖೆಗೂ ಬರವಣಿಗೆಯಲ್ಲಿ ದೂರು ಕೊಡಿ. ಫೋಟೋ ಇಡಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಯಲ್ಲಿ ಹೇಳಿ ಬಂದರೆ ಸಾಲದು.

ಅಮ್ಮನಿಗೆ ಕಷಾಯ? ಅವರು ಬಿಪಿ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ ಎರಡೂ ತೆಗೆದುಕೊಳ್ಳುತ್ತಿದ್ದಾರೆ ಅಂತ ಬರೆದಿದ್ದೀರಿ. ಹಾಗಿದ್ದಾಗ ನೀವಾಗಿಯೇ ಶುರು ಮಾಡಬೇಡಿ. ಅವರ ಡಾಕ್ಟರನ್ನು ಕೇಳಿ, ಮಾತ್ರೆಯನ್ನಂತೂ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಯಮಳಾರ್ಜುನ ಮರಗಳ ಕಥೆ ಇದರದ್ದೇನಾ ಅಂತ ನಿಮ್ಮ ಮಗಳು ಕೇಳಿದ್ದಾಳಂತೆ. ಹೌದು ಅಂತ ಹೇಳಿ. ಒರಳಿಗೆ ಕಟ್ಟಿದ ಕೃಷ್ಣ ಅಂಬೆಗಾಲಿಟ್ಟು ನಡುವೆ ನುಗ್ಗಿ ಉರುಳಿಸಿದ ಜೋಡಿ ಮರಗಳು ಅರ್ಜುನವೇ, ಅಂದರೆ ನಮ್ಮ ಹೊಳೆಮತ್ತಿ. ಯಮುನೆಯ ಸೀಮೆಯ ಕಥೆಯಲ್ಲಿ ಹೊಳೆಯ ಮರವೇ ಬಂದಿರೋದು ನನಗೆ ಬಹಳ ಇಷ್ಟ. ಅರ್ಜುನ ಅಂದರೆ ಬಿಳಿ ಅಂತಲೂ ಅರ್ಥ. ನಾವು ಬಿಳಿಮತ್ತಿ ಅನ್ನೋದಕ್ಕೂ ಅದಕ್ಕೂ ಎಷ್ಟು ಹತ್ತಿರ ನೋಡಿ.

ಕೊನೆಗೆ ನೆಡುವ ವಿಷಯ. ಮೇಲಿನ ಒಣ ಹೊಲದ ಬದುವಿನಲ್ಲಿ ನಾನು ನೆಡು ಅನ್ನೋದಿಲ್ಲ. ಬದುಕಬಹುದು, ಆದರೆ ಸೊರಗುತ್ತದೆ, ಜೊತೆಗೆ ಬೆಳೆಗೆ ನೆರಳು. ದಂಡೆಯಲ್ಲಿ, ಪಕ್ಕದವರ ಗದ್ದೆ ಕುಸಿದ ಜಾಗದಲ್ಲಿ ನೆಡಿ. ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಏಪ್ರಿಲ್ ಹೊತ್ತಿಗೆ ತಿಳಿ ಹಳದಿಯ ಸಣ್ಣ ಹೂವಿನ ತೆನೆಗಳು ಬರಲು ಶುರುವಾಗುತ್ತವೆ. ಆ ಹೂವಿಗೆ ಎಸಳೇ ಇಲ್ಲ, ಕಾಣೋದು ಬರೀ ಕೇಸರ. ಹೋದ ವರ್ಷದ ಕಾಯಿ ಬಲಿತು ಉದುರೋದೂ ಹೆಚ್ಚುಕಡಿಮೆ ಆಗಲೇ. ಮುಂದೆ ಮಳೆ, ಅದರ ಹಿಂದೆ ಪ್ರವಾಹ. ನಾರಿನ ಮೈಯ ಹಗುರ ಕಾಯಿ ತೇಲಿಕೊಂಡು ಹೋಗಿ ಎಲ್ಲೋ ಕೆಸರಿಗೆ ಸಿಕ್ಕಿ ಮೊಳೆಯುತ್ತದೆ. ನೀವು ಅದಕ್ಕೂ ಮುಂಚೆ ಆರಿಸಿಕೊಳ್ಳಿ. ಎರಡು ದಿನ ನೀರಲ್ಲಿ ನೆನೆಸಿ, ಮರಳು ಬೆರೆಸಿದ ಮಣ್ಣಲ್ಲಿ ಹಾಕಿ, ಅರೆನೆರಳಲ್ಲಿಟ್ಟು ತೇವ ಆರದಂತೆ ನೋಡಿಕೊಳ್ಳಿ. ಮೊಳಕೆ ಬರೋದು ನಿಧಾನ. ವಾರಗಟ್ಟಲೆ ಏನೂ ಕಾಣಲಿಲ್ಲ ಅಂತ ಕುಂಡ ಬಗ್ಗಿಸಿಬಿಡಬೇಡಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಕೇಳಿ ನೋಡಿ. ಮೊದಲ ಎರಡು ಮೂರು ವರ್ಷ ದನ, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿ.

ನೀವು ಕಳಿಸಿದ ಕಾಯಿಯನ್ನು ವಾಪಸ್ ಕಳಿಸುತ್ತಿಲ್ಲ. ನಾಳೆ ಬೆಳಿಗ್ಗೆ ನೆನೆಹಾಕುತ್ತೇನೆ.

– ಸಂಪಾದಕ